ಖುರ್ಚಿ ಬಿಟ್ಟವರ ಜಿಲ್ಲೆ

ಲಾತೂರ್ ಜಿಲ್ಲೆ ಹುಟ್ಟಿದ್ದು 1982ರ ಆಗಸ್ಟ್ 16ರಂದು, ಉಸ್ಮಾನಾಬಾದ್ ಜಿಲ್ಲೆಯನ್ನು ಒಡೆದು. ಮುಂದಿನ ಇಪ್ಪತ್ತಾರು ವರ್ಷಗಳಲ್ಲಿ, ಸದಾ ಮಳೆಗೆ ಬಾಯಿಬಿಟ್ಟು ಕೂರುವ ಈ ಜಿಲ್ಲೆ ಮಹಾರಾಷ್ಟ್ರಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನೂ ದೇಶಕ್ಕೆ ಒಬ್ಬ ಗೃಹ ಮಂತ್ರಿಯನ್ನೂ ಕೊಟ್ಟಿತು. ಮೂವರೂ ರಾಜೀನಾಮೆ ಕೊಟ್ಟು ಎದ್ದವರೇ. ನಿಲಂಗಾದ ಶಿವಾಜಿರಾವ್ ಪಾಟೀಲ್ 1986ರ ಮಾರ್ಚ್‌ನಲ್ಲಿ ಎದ್ದರು. ಚಾಕೂರಿನ ಶಿವರಾಜ್ ಪಾಟೀಲ್ 2008ರ ನವೆಂಬರ್ 30ರಂದು, ಬಾಭಳಗಾವಿನ ವಿಲಾಸರಾವ್ ದೇಶಮುಖ್ ಅದರ ಬೆನ್ನಿಗೇ. ವಿಲಾಸರಾವ್ 2003ರಲ್ಲೂ ಒಮ್ಮೆ ಇಳಿದಿದ್ದರು. ಅದು ಪಕ್ಷದೊಳಗಿನ ಲೆಕ್ಕಾಚಾರವಾದ್ದರಿಂದ ಇಲ್ಲಿ ಹಿಡಿಯುತ್ತಿಲ್ಲ.

ಇದನ್ನು ಕನ್ನಡದ ಓದುಗರ ಮುಂದೆ ಇಡುವುದಕ್ಕೆ ಕಾರಣವಿದೆ. ನಿಲಂಗಾ, ಉದಗೀರ, ಅಹಮದಪುರ ಈ ಮೂರೂ ತಾಲೂಕುಗಳು 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ಬೀದರ ಜಿಲ್ಲೆಯವು. ಬೆಳಗಾದಾಗ ಬೀದರ ಮೈಸೂರು ರಾಜ್ಯದ್ದಾಯಿತು, ಇವು ಮುಂಬಯಿ ರಾಜ್ಯದವಾದವು. ಅತ್ತ ನಾರಾಯಣಖೇಡ, ಜಹೀರಾಬಾದ್ ಆಂಧ್ರದ ಪಾಲಾದವು. ಕಾಗದದ ಮೇಲೆ ಎಳೆದ ಗೆರೆ ಊರುಗಳಿಗೆ ತಿಳಿದಷ್ಟು ಬೇಗ ಮನೆಗಳಿಗೆ ತಿಳಿಯಲಿಲ್ಲ. ಮಗಳನ್ನು ಭಾಲ್ಕಿಗೆ ಕೊಟ್ಟವರು, ಆಳಂದದಿಂದ ಸೊಸೆ ತಂದವರು, ಒಳಗೆ ಕನ್ನಡ ಆಡಿ ಹೊರಗೆ ಮರಾಠಿ ಶಾಲೆಗೆ ಹೋದವರು ಉಮರ್ಗಾ, ನಿಲಂಗಾ, ಔರಾದ ಶಹಾಜಾನಿ ಸುತ್ತ ಇವತ್ತಿಗೂ ಇದ್ದಾರೆ. ಇಂಥ ಮನೆಗಳಲ್ಲಿ ರಾಜಕಾರಣದ ಮಾತು ಯಾವಾಗಲೂ ಎರಡು ರಾಜ್ಯಗಳದ್ದು. ಬೆಂಗಳೂರಿನವರಿಗೆ ಮುಂಬಯಿಯ ಮುಖ್ಯಮಂತ್ರಿ ಯಾರಾದರೇನು. ಇಲ್ಲಿನವರಿಗೆ ಬೆಂಗಳೂರು, ಮುಂಬಯಿ ಎರಡೂ ಕಡೆಯ ಖುರ್ಚಿ ಅಲುಗಾಡಿದ್ದು ಒಟ್ಟಿಗೇ ಕೇಳಿಸುತ್ತದೆ.

1986ರಲ್ಲಿ ಹಾಗೇ ಆಯಿತು.

ಅದಕ್ಕೆ ಒಂಬತ್ತು ತಿಂಗಳು ಹಿಂದೆ, 1985ರ ಜೂನ್‌ನಲ್ಲಿ, ಶಿವಾಜಿರಾವ್ ಪಾಟೀಲ್ ನಿಲಂಗೇಕರ್ ಮುಖ್ಯಮಂತ್ರಿಯಾಗಿದ್ದು ಅವರ ಹಿಂಬಾಲಕರಿಗೇ ಅಚ್ಚರಿ ತಂದ ಸಂಗತಿ. ತಮ್ಮನ್ನು ಕೇಳದೆ ಪ್ರಭಾ ರಾವ್ ಅವರನ್ನು ಪ್ರದೇಶ ಕಾಂಗ್ರೆಸ್ ಅಧ್ಯಕ್ಷೆ ಮಾಡಿದರೆಂದು ಸಿಟ್ಟಾಗಿ ವಸಂತದಾದಾ ಪಾಟೀಲ್ ರಾಜೀನಾಮೆ ಬಿಸಾಕಿದರು. ಸಕ್ಕರೆ ಕಾರ್ಖಾನೆಗಳ ಪಶ್ಚಿಮ ಮಹಾರಾಷ್ಟ್ರವನ್ನು ದಾಟಿ ಹೈಕಮಾಂಡಿನ ಕಣ್ಣು ಮರಾಠವಾಡದ ಮೇಲೆ ಬಿತ್ತು. ನಿಲಂಗೇಕರ್ 1931ರ ಫೆಬ್ರವರಿಯಲ್ಲಿ ಹುಟ್ಟಿದವರು. ನಿಜಾಮನ ಆಳ್ವಿಕೆಯ ವಿರುದ್ಧದ ಹೋರಾಟದ ಕಾಲದಲ್ಲಿ ಹರೆಯಕ್ಕೆ ಬಂದವರು. 1962ರಲ್ಲಿ ಮೊದಲ ಬಾರಿ ಶಾಸಕರಾದವರು. ದೊಡ್ಡ ಗುಂಪು ಕಟ್ಟಿದವರಲ್ಲ, ದೊಡ್ಡ ಜಗಳ ಆಡಿದವರೂ ಅಲ್ಲ. ದಿಲ್ಲಿಗೆ ಬೇಕಿದ್ದದ್ದು ಅಂಥವರೇ.

ಆ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸಿಗೆ ನೂರು ತುಂಬಿತು. ಶತಮಾನೋತ್ಸವ ನಡೆದದ್ದು ಪಕ್ಷ ಹುಟ್ಟಿದ ಮುಂಬಯಿಯಲ್ಲೇ. ಅಧಿಕಾರದ ದಲ್ಲಾಳಿಗಳು ಪಕ್ಷದ ಬೆನ್ನೇರಿ ಕುಳಿತಿದ್ದಾರೆ ಎಂದು ರಾಜೀವ್ ಗಾಂಧಿ ಗುಡುಗಿದ್ದು ಅಲ್ಲಿ. ಆತಿಥೇಯ ರಾಜ್ಯದ ಮುಖ್ಯಮಂತ್ರಿ ನಿಲಂಗೇಕರ್. ಅದೇ ಹೊತ್ತಿಗೆ ಅದೇ ನಗರದಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದ ಎಂ.ಡಿ. ಪರೀಕ್ಷೆಯ ಒಂದು ಫಲಿತಾಂಶದ ಹಾಳೆಯ ಸುತ್ತ ಗುಸುಗುಸು ಹೊಗೆಯಾಡುತ್ತಿತ್ತು.

ಆ ಹಾಳೆಯಲ್ಲಿ ಗ್ರೇಡುಗಳನ್ನು ತಿದ್ದಲಾಗಿದೆ, ಹಿಂದಿನ ಸಲಗಳಲ್ಲಿ ಪಾಸಾಗದ ಅಭ್ಯರ್ಥಿಯೊಬ್ಬರು ಅದರಿಂದ ಪಾಸಾಗಿದ್ದಾರೆ, ಅವರು ಮುಖ್ಯಮಂತ್ರಿಗಳ ಮಗಳು ಎಂದು ಅದೇ ಪರೀಕ್ಷೆಗೆ ಕೂತಿದ್ದ ವೈದ್ಯರೊಬ್ಬರು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದ ನ್ಯಾಯಮೂರ್ತಿ ಪೆಂಡ್ಸೆ ಕಾಗದಗಳನ್ನು ಹರವಿ ನೋಡಿ, ಪರೀಕ್ಷಕರಲ್ಲೊಬ್ಬರು ಗ್ರೇಡು ತಿದ್ದಿದ್ದು ನಿಜ, ಅದು ಮುಖ್ಯಮಂತ್ರಿಗಳ ಇಚ್ಛೆಯಂತೆಯೇ ನಡೆದದ್ದು ಎಂದುಬಿಟ್ಟರು. ಮಾರ್ಚ್ ಮೊದಲ ವಾರದಲ್ಲೇ ನಿಲಂಗೇಕರ್ ರಾಜೀನಾಮೆ ಬರೆದರು. ನಾಂದೇಡದ ಕಡೆಯ ಶಂಕರರಾವ್ ಚವ್ಹಾಣ್ ಬಂದು ಕೂತರು. ಖುರ್ಚಿ ಮರಾಠವಾಡದಲ್ಲೇ ಉಳಿಯಿತು ಎಂಬುದಷ್ಟೇ ಸಮಾಧಾನ.

ಮೊಕದ್ದಮೆ ಅಲ್ಲಿಗೆ ಮುಗಿಯಲಿಲ್ಲ. ತಮ್ಮಿಂದ ತಪ್ಪು ನಡೆದಿಲ್ಲವೆಂದು ನಿಲಂಗೇಕರ್ ಮೇಲ್ಮನವಿ ಹೋದರು. ಮುಖ್ಯಮಂತ್ರಿಗಳು ಹೇಳಿ ಮಾಡಿಸಿದರು ಎನ್ನುವುದಕ್ಕೆ ನೇರ ಪುರಾವೆ ಸಾಲದು ಎಂದು ವಿಭಾಗೀಯ ಪೀಠ ಹೇಳಿತಾದರೂ ಅನುಮಾನವನ್ನು ತೊಡೆದುಹಾಕಲಿಲ್ಲ. 1986 ಮುಗಿಯುವ ಹೊತ್ತಿಗೆ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಸವ್ಯಸಾಚಿ ಮುಖರ್ಜಿ ಬರೆದ ತೀರ್ಪು ಬಂತು. ಸಾರ್ವಜನಿಕ ಬದುಕಿನ ಮಟ್ಟ ಇಳಿಯುತ್ತಿರುವುದನ್ನು ಕಂಡೂ ನ್ಯಾಯಾಲಯ ಮೂಕವಾಗಿ ಕೂರಲಾಗದು, ಗಾಳಿ ನೀರಿನ ಮಾಲಿನ್ಯಕ್ಕಿಂತ ಮೌಲ್ಯಗಳ ಮಾಲಿನ್ಯ ಕಡಿಮೆ ಅಪಾಯದ್ದಲ್ಲ ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಕಾನೂನು ಓದುವ ಹುಡುಗರು ಆ ತೀರ್ಪನ್ನು ಇಂದಿಗೂ ಓದುತ್ತಾರೆ. ನಿಲಂಗಾ ಎಂಬ ಊರಿನ ಹೆಸರು ದೇಶದ ಕಾನೂನಿನ ಹೊತ್ತಿಗೆಗಳಲ್ಲಿ ಸೇರಿಕೊಂಡದ್ದು ಹೀಗೆ.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಆ 'ನೇರ ಪುರಾವೆ ಇಲ್ಲ' ಎಂಬ ಭಾಗ. ಮುಖ್ಯಮಂತ್ರಿ ಫೋನ್ ಮಾಡಿದ್ದರೇ? ಯಾರನ್ನಾದರೂ ಬಂಗಲೆಗೆ ಕರೆಸಿದ್ದರೇ? ಯಾವುದೂ ಸಾಬೀತಾಗಲಿಲ್ಲ. ಸಾಬೀತಾಗಬೇಕಾದ ಅಗತ್ಯವಾದರೂ ಏನು? ತಹಸೀಲು ಕಚೇರಿಯ ಕಟ್ಟೆ ಹತ್ತಿದವರಿಗೆಲ್ಲ ಗೊತ್ತು, ದೊಡ್ಡವರ ಕೆಲಸ ದೊಡ್ಡವರು ಹೇಳಿ ಆಗುವುದಿಲ್ಲ. ಇವರು ಸಾಹೇಬರ ಕಡೆಯವರು ಎಂದು ಯಾರೋ ಕಿವಿಯಲ್ಲಿ ಊದಿದರೆ ಸಾಕು, ಮೇಜಿನ ಆಚೆಯವನ ಕೈ ತಾನಾಗಿ ಓಡುತ್ತದೆ. ಅಧಿಕಾರದಲ್ಲಿರುವವನು ಕೆಟ್ಟದ್ದನ್ನು ಮಾಡಬೇಕಿಲ್ಲ. ತನ್ನ ಹೆಸರಿನಲ್ಲಿ ಏನೇನು ಓಡಾಡುತ್ತಿದೆ ಎಂದು ವಿಚಾರಿಸದೆ ಸುಮ್ಮನಿದ್ದರೂ ಆದೀತು. ಮಗಳು ಪಾಸಾದಳು ಎಂಬ ಸುದ್ದಿ ಬಂದ ದಿನ ಪೇಢೆ ಹಂಚುವ ಮುಂಚೆ ಹೇಗೆ ಪಾಸಾದಳು ಎಂದು ಕೇಳುವ ತಂದೆ ಎಷ್ಟು ಮನೆಗಳಲ್ಲಿದ್ದಾನೆ?

ಇನ್ನು ಬೆಂಗಳೂರಿನ ಕಡೆ. ನಿಲಂಗೇಕರ್ ಇಳಿಯುವುದಕ್ಕೆ ಮೂರು ವಾರ ಮೊದಲು, 1986ರ ಫೆಬ್ರವರಿ ನಡುವಿನಲ್ಲಿ, ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟಿದ್ದರು. ಸಾರಾಯಿಯನ್ನು ಬಾಟಲಿಗೆ ತುಂಬುವ ಗುತ್ತಿಗೆಯನ್ನು ಅವರ ಸರ್ಕಾರ ಕೊಟ್ಟ ರೀತಿಯನ್ನು ಕರ್ನಾಟಕ ಹೈಕೋರ್ಟ್ ಖಂಡಿಸಿತ್ತು. ಅಲ್ಲಿ ಹೈಕೋರ್ಟು, ಇಲ್ಲೂ ಹೈಕೋರ್ಟು. ಅಲ್ಲಿ ಬಾಟಲಿ, ಇಲ್ಲಿ ಅಂಕಪಟ್ಟಿ. ಗಡಿಯ ಹೋಟೆಲುಗಳಲ್ಲಿ ಆಗ ಎರಡನ್ನೂ ಜೋಡಿಸಿ ಮಾತಾಡದವರು ಕಡಿಮೆ. ಫರಕು ಮುಂದಿನದ್ದರಲ್ಲಿತ್ತು. ಶಾಸಕರು, ಅಭಿಮಾನಿಗಳು ಮುತ್ತಿಗೆ ಹಾಕಿದರು, ಪಕ್ಷ ಬೇಡಿಕೊಂಡಿತು, ಹೆಗಡೆ ಮೂರೇ ದಿನದಲ್ಲಿ ರಾಜೀನಾಮೆ ಹಿಂದೆ ಪಡೆದರು. ಇಳಿದಾಗ ಇದ್ದ ಎತ್ತರಕ್ಕಿಂತ ಒಂದು ಗೇಣು ಹೆಚ್ಚೇ ಎತ್ತರದಲ್ಲಿ ಮರಳಿ ಕೂತರು.

ಹೆಗಡೆಯವರಿಗೆ ಈ ವಿದ್ಯೆ ಮೊದಲೇ ಕರಗತವಾಗಿತ್ತು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ಬರೀ 4. ವಿಧಾನಸಭೆಗೂ ಲೋಕಸಭೆಗೂ ಸಂಬಂಧವಿಲ್ಲ ಎಂದು ಅವರು ಕೈತೊಳೆದುಕೊಳ್ಳಬಹುದಿತ್ತು. ಜನಾದೇಶ ನನ್ನ ಕಡೆ ಇಲ್ಲ ಎಂದು ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರು, 1985ರ ಮಾರ್ಚ್‌ನಲ್ಲಿ 139 ಸ್ಥಾನ ಗೆದ್ದು ಬಂದರು. 1988ರ ಆಗಸ್ಟ್‌ನಲ್ಲಿ ಟೆಲಿಫೋನ್ ಕದ್ದಾಲಿಕೆಯ ವಿಷಯದಲ್ಲಿ ಮತ್ತೆ ಕೊಟ್ಟರು. ಆ ಸಲ ಕೊಟ್ಟದ್ದು ಕೊಟ್ಟದ್ದೇ ಆಯಿತು. ಮೂರರಲ್ಲಿ ಮೊದಲನೆಯದನ್ನು ನಾನು ಪೂರ್ತಿ ಮನಸ್ಸಿನಿಂದ ಮೆಚ್ಚುತ್ತೇನೆ. ಎರಡನೆಯದನ್ನು ಮೆಚ್ಚಲಾರೆ. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿದವರೇ, ಹೈಕೋರ್ಟಿಗೆ ಕೊಟ್ಟ ಉತ್ತರವನ್ನು ಅಭಿಮಾನಿಗಳ ಗದ್ದಲದಲ್ಲಿ ವಾಪಸ್ ತೆಗೆದುಕೊಂಡರು. ನಿಲಂಗೇಕರ್ ಪರವಾಗಿ ಹಾಗೆ ಬಂಗಲೆ ಮುತ್ತುವ ಜನ ಇರಲಿಲ್ಲ, ಅಥವಾ ಬರಲಿಲ್ಲ. ಅವರ ರಾಜೀನಾಮೆಗೆ ಯಾವ ಪ್ರಭಾವಳಿಯೂ ಮೂಡಲಿಲ್ಲ. ಮಹಾರಾಷ್ಟ್ರದವರಿಗೆ ಅದು ಹೊಸದೂ ಆಗಿರಲಿಲ್ಲ. 1982ರ ಜನವರಿಯಲ್ಲಿ ಸಿಮೆಂಟು ಕೋಟಾಕ್ಕೂ ಟ್ರಸ್ಟಿನ ದೇಣಿಗೆಗೂ ಇದ್ದ ನಂಟನ್ನು ನ್ಯಾಯಮೂರ್ತಿ ಲೆಂಟಿನ್ ಎತ್ತಿ ತೋರಿಸಿದ್ದಕ್ಕೆ ಎ.ಆರ್. ಅಂತುಲೆ ಇಳಿದಿದ್ದನ್ನು ಅವರು ಕಂಡಿದ್ದರು.

ಹಾಗಾದರೆ ನಿಲಂಗಾದ ಜನ ಏನೆಂದುಕೊಂಡರು? ಊರಿನ ಹಳಬರ ಬಾಯಿಂದ ಈ ವಿಷಯ ಬಂದಾಗ ನಾನು ಕೇಳಿದ ಮಾತು ಹೆಚ್ಚುಕಡಿಮೆ ಒಂದೇ ಧಾಟಿಯದು. "ಮಗಳ ಸಲುವಾಗಿ ಮಾಡ್ಯಾರಂತ ಅಂದ್ರು. ಮಾಡಿದ್ರ ಮಾಡ್ಯಾರ. ರೊಕ್ಕ ಏನ್ ಹೊಡದಿಲ್ಲಲ್ರೀ?" ಇದನ್ನು ಮೊದಲು ಕೇಳಿದಾಗ ಸಿಟ್ಟು ಬರುತ್ತದೆ. ಆಮೇಲೆ ಯೋಚಿಸಿದರೆ ಅದರ ಬೇರು ಎಲ್ಲಿದೆ ಎಂದು ಕಾಣುತ್ತದೆ.

ಬೇರು ಇರುವುದು ಚಿಠ್ಠಿಯಲ್ಲಿ. ಮರಾಠವಾಡದ ರಾಜಕಾರಣವನ್ನು ಅರ್ಧ ಶತಮಾನ ನಡೆಸಿದ್ದು ಸಾಹೇಬರ ಚಿಠ್ಠಿ. ಶಾಸಕರ ಹೆಸರು ಅಚ್ಚಾದ ಕಾಗದ, ಮೇಲೆ ಅಶೋಕಸ್ತಂಭದ ಮುದ್ರೆ, ನಡುವೆ ನಾಲ್ಕು ಸಾಲು, ಕೆಳಗೆ ಸಹಿ. ಸದರಿ ವ್ಯಕ್ತಿ ನನ್ನ ಮತಕ್ಷೇತ್ರದವರು, ಬಡವರು, ಪರಿಚಿತರು, ನಿಯಮಾನುಸಾರ ಸಹಾಯ ಮಾಡುವುದು. 'ನಿಯಮಾನುಸಾರ' ಅನ್ನುವುದು ಸಾಹೇಬರಿಗೆ ರಕ್ಷೆ. ಓದುವವನಿಗೆ ಅದರ ಅರ್ಥ ಬೇರೆ. ಅದನ್ನು ಅಂಗಿಯ ಒಳಜೇಬಿನಲ್ಲಿ ಬೆವರಿಗೆ ಒದ್ದೆಯಾಗದಂತೆ ಮಡಿಸಿಟ್ಟುಕೊಂಡು ಜನ ಎಸ್.ಟಿ. ಬಸ್ಸಿನಲ್ಲಿ ಔರಂಗಾಬಾದಿಗೆ, ಮುಂಬಯಿಗೆ ಹೋದರು. ಹಾಸ್ಟೆಲಿನಲ್ಲಿ ಸೀಟು, ಮಾಸ್ತರನ ಬದಲಿ, ಕಂಡಕ್ಟರ್ ನೌಕರಿ, ಸೊಸೈಟಿಯ ಸಾಲ, ಸರ್ಕಾರಿ ದವಾಖಾನೆಯಲ್ಲಿ ಮಂಚ. ಕೆಲವಕ್ಕೆ ಕೆಲಸವಾಯಿತು, ಕೆಲವಕ್ಕೆ ಆಗಲಿಲ್ಲ. ಆಗದಿದ್ದರೂ ಸಾಹೇಬರು ಕೊಟ್ಟರು ಎಂಬ ಋಣ ಉಳಿಯಿತು.

ಇದನ್ನು ಬೈಯುವುದು ಸುಲಭ. ಮಳೆ ಕೈಕೊಡುವ, ನೀರಾವರಿ ಇಲ್ಲದ, ಪುಣೆ ಸತಾರದವರ ಮುಂದೆ ಸದಾ ಹಿಂದೆ ಬಿದ್ದ ನಾಡಿನಲ್ಲಿ ಬಡವನಿಗೆ ಬಾಗಿಲು ತೆರೆಸಿದ್ದೂ ಅದೇ ಚಿಠ್ಠಿ. ಜಾತಿ ಇಲ್ಲದವನಿಗೆ, ಅಂದರೆ ಕಚೇರಿಯಲ್ಲಿ ತನ್ನ ಜಾತಿಯವನಿಲ್ಲದವನಿಗೆ, ಚಿಠ್ಠಿಯೇ ಬಂಧು. ಆದರೆ ಒಂದು ಮಾತು ಒಪ್ಪಬೇಕು. ವರ್ಷಗಟ್ಟಲೆ ಊರ ಮಕ್ಕಳಿಗೆಲ್ಲ ಸರತಿ ತಪ್ಪಿಸಿ ಮುಂದೆ ಹೋಗಲು ದಾರಿ ಮಾಡಿಕೊಟ್ಟ ಮನುಷ್ಯ ತನ್ನ ಮಗಳ ವಿಷಯಕ್ಕೆ ಬಂದಾಗ ಮಾತ್ರ ಸರತಿಯಲ್ಲಿ ನಿಲ್ಲಬೇಕು ಎಂದು ಆ ಊರು ಹೇಗೆ ಹೇಳೀತು? ರಾಜಕಾರಣಿಯ ನಡತೆ ಅವನೊಬ್ಬನ ಸ್ವಂತ ಆಸ್ತಿಯೆಂದು ನಾವು ಬರೆಯುತ್ತೇವೆ. ಬೆಳಗ್ಗೆ ಆರಕ್ಕೆ ಅವನ ಪಡಸಾಲೆಯಲ್ಲಿ ಬಂದು ಕೂರುವವರು ಅದನ್ನು ದಿನವೂ ಸ್ವಲ್ಪ ಸ್ವಲ್ಪ ರೂಪಿಸುತ್ತಿರುತ್ತಾರೆ. ಅಲ್ಲಿಗೆ ಬಂದವರಲ್ಲಿ ನಿಯಮ ಪಾಲಿಸಿ ಎಂದು ಕೇಳಲು ಬಂದವರು ಯಾರೂ ಇರುವುದಿಲ್ಲ.

ನಿಲಂಗೇಕರ್ ಕಥೆ ಮುಂದೆ ಇನ್ನೂ ಸ್ವಾರಸ್ಯದ ತಿರುವು ಪಡೆಯಿತು. 2004ರಲ್ಲಿ ಅವರ ಸೊಸೆ ರೂಪಾತಾಯಿ ಬಿಜೆಪಿಯಿಂದ ಲೋಕಸಭೆಗೆ ನಿಂತು ಲಾತೂರಿನಲ್ಲಿ ಸೋಲಿಸಿದ್ದು ಯಾರನ್ನು? 1980ರಿಂದ ಸತತ ಏಳು ಬಾರಿ ಗೆದ್ದಿದ್ದ ಶಿವರಾಜ್ ಪಾಟೀಲ್ ಚಾಕೂರ್ಕರ್ ಅವರನ್ನು. ಅದೇ ವರ್ಷ ವಿಧಾನಸಭೆಗೆ ಮೊಮ್ಮಗ ಸಂಭಾಜಿ ಬಿಜೆಪಿಯಿಂದ ನಿಂತು ಕಾಂಗ್ರೆಸ್ಸಿನ ಅಜ್ಜನನ್ನೇ ಸೋಲಿಸಿದ. 2009ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಅಜ್ಜ ಮೊಮ್ಮಗನಿಂದ ಕ್ಷೇತ್ರವನ್ನು ಮರಳಿ ಕಿತ್ತುಕೊಂಡರು. 2014ರಲ್ಲಿ ಕಾಂಗ್ರೆಸ್ ನಿಲ್ಲಿಸಿದ್ದು ಅವರ ಮಗ ಅಶೋಕ್ ಅವರನ್ನು. ಸಂಭಾಜಿ ಕಾಕಾನನ್ನು ಸೋಲಿಸಿ ಮಂತ್ರಿಯಾದರು. ನಿಲಂಗಾದಲ್ಲಿ ಚುನಾವಣೆ ಎಂದರೆ ಒಂದೇ ಅಡ್ಡಹೆಸರಿನ ಎರಡು ಪೋಸ್ಟರು ಎದುರುಬದುರು ಗೋಡೆಗೆ. ಮಗಳ ಮೇಲಿನ ಮಮತೆಗೆ ಮುಖ್ಯಮಂತ್ರಿ ಪದವಿ ಕಳೆದುಕೊಂಡರೆಂದು ಊರು ಕನಿಕರಿಸಿದ ಮನುಷ್ಯನಿಗೆ ಅದೇ ಮನೆಯ ಒಳಗಿನಿಂದಲೇ ಎದುರಾಳಿ ಎದ್ದ.

ಈ ನಡುವೆ ಇನ್ನೊಂದು ಕಪ್ಪು ಹತ್ತಿತು. ಮುಂಬಯಿಯ ಆದರ್ಶ ವಸತಿ ಸಂಘದ ಹಗರಣವನ್ನು ವಿಚಾರಿಸಿದ ಆಯೋಗದ ವರದಿ 2013ರ ಡಿಸೆಂಬರ್‌ನಲ್ಲಿ ಬಂದಾಗ, ರಾಜಕೀಯ ಆಶ್ರಯ ಕೊಟ್ಟವರೆಂದು ಹೆಸರಿಸಿದ ನಾಲ್ವರು ಮಾಜಿ ಮುಖ್ಯಮಂತ್ರಿಗಳಲ್ಲಿ ಅಶೋಕ್ ಚವ್ಹಾಣ್, ಸುಶೀಲ್‌ಕುಮಾರ್ ಶಿಂದೆ, ವಿಲಾಸರಾವ್ ಜೊತೆಗೆ ನಿಲಂಗೇಕರ್ ಕೂಡ ಇದ್ದರು. ಅದು ಅವರು ಕಂದಾಯ ಮಂತ್ರಿಯಾಗಿದ್ದ ಕಾಲದ್ದು. ಅಂದರೆ ಮುಖ್ಯಮಂತ್ರಿ ಖುರ್ಚಿಯಿಂದ ಇಳಿದವರು ಆಮೇಲೆ ಮಂತ್ರಿಯಾಗಿ ಅದೇ ಸಚಿವಾಲಯಕ್ಕೆ ಹೋಗಿದ್ದರು. ನಮ್ಮಲ್ಲಿ ರಾಜೀನಾಮೆ ಶಿಕ್ಷೆಯಲ್ಲ, ರಜೆ. ಅವರು 2020ರ ಆಗಸ್ಟ್ 5ರಂದು ಪುಣೆಯಲ್ಲಿ ತೀರಿಕೊಂಡರು. ಸುದ್ದಿ ಬರೆದವರೆಲ್ಲ ಆ ಅಂಕಪಟ್ಟಿಯನ್ನು ಮರೆಯದೆ ಒಂದು ಸಾಲಿನಲ್ಲಿ ಸೇರಿಸಿದರು.

ಸೋತ ಚಾಕೂರ್ಕರ್ ಅವರನ್ನು ಕಾಂಗ್ರೆಸ್ ರಾಜ್ಯಸಭೆಯ ಮೂಲಕ ಕರೆತಂದು ಗೃಹ ಮಂತ್ರಿ ಮಾಡಿತು. ತಮ್ಮ ಜಿಲ್ಲೆಯ ಮತದಾರ ಬೇಡವೆಂದ ಮನುಷ್ಯನಿಗೆ ದೇಶದ ಪೊಲೀಸು ಕಾವಲು. ಹಾಗೆಂದು ಸಣ್ಣ ಮನುಷ್ಯರೇನಲ್ಲ ಅವರು. ಲಾತೂರ್ ನಗರಪಾಲಿಕೆಯ ಅಧ್ಯಕ್ಷಗಿರಿಯಿಂದ ಮೇಲೆ ಬಂದವರು, ಮಹಾರಾಷ್ಟ್ರ ವಿಧಾನಸಭೆಯ ಸ್ಪೀಕರ್ ಆಗಿದ್ದವರು, 1991ರಿಂದ 1996ರವರೆಗೆ ಲೋಕಸಭೆಯ ಸ್ಪೀಕರ್. 1993ರಲ್ಲಿ ಇಲಾಖಾವಾರು 17 ಸ್ಥಾಯಿ ಸಮಿತಿಗಳು ಶುರುವಾದದ್ದು ಅವರ ಕಾಲದಲ್ಲಿ. ಬಜೆಟ್ಟನ್ನು ಗದ್ದಲದಲ್ಲಿ ತೇಲಿಸಿಬಿಡುವ ಸಂಸತ್ತಿಗೆ ಸಾಲು ಸಾಲಾಗಿ ಓದುವ ಅಭ್ಯಾಸ ಸ್ವಲ್ಪವಾದರೂ ಬಂದಿದ್ದರೆ ಅದರಿಂದ. ದನಿ ಏರಿಸದ, ಗೀತೆ ಉಪನಿಷತ್ತು ಓದುವ, ಇಸ್ತ್ರಿ ಕೆಡದ ಬಿಳಿ ಬಟ್ಟೆಯ ಲಿಂಗಾಯತ ಗೃಹಸ್ಥ. ರಾಜಕಾರಣಿಯಲ್ಲಿ ನಡತೆ ಶುದ್ಧವಿರಬೇಕು ಎಂದು ಹೇಳುವವರೆಲ್ಲ ಬೇಡುವ ಪಡಿಯಚ್ಚು.

ಅವರನ್ನು ದೇಶ ನೆನಪಿಟ್ಟುಕೊಂಡದ್ದು ಆ ಬಟ್ಟೆಗಾಗಿಯೇ. 2008ರ ಸೆಪ್ಟೆಂಬರ್ 13ರ ಸಂಜೆ ದಿಲ್ಲಿಯ ಮಾರುಕಟ್ಟೆಗಳಲ್ಲಿ ಬಾಂಬು ಸಿಡಿದವು. ಆ ಒಂದೇ ರಾತ್ರಿ ಟಿ.ವಿ.ಯಲ್ಲಿ ಗೃಹ ಮಂತ್ರಿ ಮೂರು ಬೇರೆ ಬೇರೆ ಉಡುಪಿನಲ್ಲಿ ಕಂಡರು. ನೀತಿಯನ್ನು ಟೀಕಿಸಿ, ಬಟ್ಟೆಯನ್ನಲ್ಲ ಎಂದು ಅವರು ಬೇಸರಪಟ್ಟುಕೊಂಡರು. ಅದರಲ್ಲಿ ನ್ಯಾಯವಿತ್ತು. ಒಬ್ಬ ಮನುಷ್ಯ ಚೊಕ್ಕಟವಾಗಿರುವುದು ಅಪರಾಧವಲ್ಲ. ಆದರೆ ಚಿಂದಿಯಾದ ದೇಹಗಳನ್ನು ನೋಡಿದ ಜನಕ್ಕೆ ಆ ಮಡಿಕೆ ಕೆಡದ ಬಿಳುಪು ಬೇರೆಯದೇ ಹೇಳಿತು. ನವೆಂಬರ್ 26 ಬಂತು, ಮುಂಬಯಿ ಮೂರು ದಿನ ಉರಿಯಿತು, ನೈತಿಕ ಹೊಣೆ ಹೊತ್ತು ಅವರು ಇಳಿದರು. ಗುಣವಂತ ಎನ್ನುವುದು ಕಾವಲುಗಾರನ ಅರ್ಹತೆಗಳಲ್ಲಿ ಒಂದು, ಅದೊಂದೇ ಸಾಲದು ಎಂಬುದನ್ನು ಚಾಕೂರ್ಕರ್ ಅವರ ಬದುಕಿನಷ್ಟು ಸ್ಪಷ್ಟವಾಗಿ ತೋರಿಸಿದ ಉದಾಹರಣೆ ನನಗೆ ಗೊತ್ತಿಲ್ಲ. ಆಮೇಲೆ ಪಂಜಾಬಿನ ರಾಜ್ಯಪಾಲರಾದರು. 2025ರ ಡಿಸೆಂಬರ್‌ನಲ್ಲಿ, ತೊಂಬತ್ತು ತುಂಬಿದ ಮೇಲೆ, ಲಾತೂರಿನ ಮನೆಯಲ್ಲಿ ಕೊನೆಯುಸಿರೆಳೆದರು.

ವಿಲಾಸರಾವ್ ಇದಕ್ಕೆ ತದ್ವಿರುದ್ಧ. ಬಾಭಳಗಾವಿನ ಸರಪಂಚನಾಗಿ ಶುರು ಮಾಡಿದ, ನಗುವಿನಲ್ಲೇ ಅರ್ಧ ಕೆಲಸ ಮುಗಿಸುವ, ಸಭೆಯನ್ನು ಅಂಗೈಯಲ್ಲಿ ಆಡಿಸುವ ಮನುಷ್ಯ. 2008ರ ನವೆಂಬರ್ ಕೊನೆಗೆ, ಹೊಗೆ ಇನ್ನೂ ಆರದ ತಾಜ್ ಹೋಟೆಲನ್ನು ನೋಡಲು ಹೋದಾಗ ನಟನಾಗಿದ್ದ ಮಗನೂ ಸಿನಿಮಾ ನಿರ್ದೇಶಕ ರಾಮ್‌ಗೋಪಾಲ್ ವರ್ಮಾ ಅವರೂ ಜೊತೆಗಿದ್ದರು. ಸಾವಿನ ಮನೆಗೆ ನೆಂಟರನ್ನು ಕರೆದುಕೊಂಡು ತಿರುಗಾಡಿದರು ಎಂದು ಜನ ಉರಿದುಬಿದ್ದರು, ಖುರ್ಚಿ ಹೋಯಿತು. ಮತ್ತೆ ಮನೆ, ಮತ್ತೆ ಮಗ. ನಿಲಂಗಾದ ಮಗಳು, ಬಾಭಳಗಾವಿನ ಮಗ ಎಂದು ಊರವರು ತಾಳೆ ಹಾಕಿದರು.

ಆದರೆ ವಿಲಾಸರಾವ್ ಲೆಕ್ಕದಲ್ಲಿ ತಾಜ್ ಭೇಟಿಗಿಂತ ಭಾರವಾದ ಇನ್ನೊಂದು ಸಂಗತಿ ಇದೆ, ಅದನ್ನು ಹೆಚ್ಚು ಜನ ನೆನೆಯುವುದಿಲ್ಲ. ಬಡ್ಡಿ ವ್ಯವಹಾರದ ಶಾಸಕರ ಕುಟುಂಬವೊಂದು ತಮ್ಮ ಜಮೀನು ನುಂಗಿತೆಂದು ವಿದರ್ಭದ ಬುಲಡಾಣಾ ಜಿಲ್ಲೆಯ ರೈತರು 2006ರಲ್ಲಿ ದೂರು ಕೊಡಲು ಹೋಗಿದ್ದರು. ಮುಖ್ಯಮಂತ್ರಿ ಕಚೇರಿಯಿಂದ ಪೊಲೀಸ್ ಠಾಣೆಗೆ ಫೋನು ಹೋಯಿತು. ಇಲ್ಲಿ ಠಾಣೆಯವರು ಆ ಫೋನು ಬಂದದ್ದನ್ನು ಡೈರಿಯಲ್ಲಿ ಬರೆದಿಟ್ಟಿದ್ದರು! 1986ರಲ್ಲಿ ಯಾರ ಕೈಗೂ ಸಿಗದ ಪುರಾವೆ ಇಪ್ಪತ್ತು ವರ್ಷದ ಮೇಲೆ ಪೊಲೀಸರ ಅಕ್ಷರದಲ್ಲೇ ಸಿಕ್ಕಿತು. 2010ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಖಂಡಿಸಿ ಮಹಾರಾಷ್ಟ್ರ ಸರ್ಕಾರಕ್ಕೆ 10 ಲಕ್ಷ ರೂಪಾಯಿ ದಂಡ ಹಾಕಿತು. ದಂಡ ಕಟ್ಟಿದ್ದು ಖಜಾನೆ. ವಿಲಾಸರಾವ್ ಆಗ ಕೇಂದ್ರ ಮಂತ್ರಿ, ಮಂತ್ರಿಯಾಗಿಯೇ ಮುಂದುವರಿದರು. ಪುರಾವೆ ಇಲ್ಲದ ಅಂಕಪಟ್ಟಿಗೆ ಒಬ್ಬರು ಇಳಿದರು, ಬರವಣಿಗೆಯಲ್ಲಿದ್ದ ಫೋನಿಗೆ ಇನ್ನೊಬ್ಬರು ಇಳಿಯಲಿಲ್ಲ. ಈ ಎರಡರ ನಡುವಿನ ಕಾಲು ಶತಮಾನದಲ್ಲಿ ನಮ್ಮ ರಾಜಕಾರಣದಲ್ಲಿ ಏನಾಯಿತು ಎಂದು ಕೇಳುವವರಿಗೆ ಇಷ್ಟು ಸಾಕು.

ರಾಜೀನಾಮೆಯ ಮಾತು ಬಂದಾಗಲೆಲ್ಲ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹೆಸರು ಬರುತ್ತದೆ. ಅವರು ಮೊದಲ ಸಲ ರಾಜೀನಾಮೆ ಮುಂದಿಟ್ಟದ್ದು ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಮೆಹಬೂಬ್‌ನಗರದ ರೈಲು ಅಪಘಾತಕ್ಕೆ, 1956ರ ಸೆಪ್ಟೆಂಬರ್‌ನಲ್ಲಿ, ನೆಹರೂ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಅರಿಯಲೂರು ಅಪಘಾತವಾದಾಗ ಪಟ್ಟುಹಿಡಿದು ಇಳಿದರು. ಮುಂದಿನ ವರ್ಷದ ಚುನಾವಣೆಯ ನಂತರ ಮತ್ತೆ ಮಂತ್ರಿಯಾದರು. ಆದರೂ ಅವರನ್ನು ಯಾರೂ ಹೀಗಳೆಯುವುದಿಲ್ಲ, ಯಾಕೆಂದರೆ ಕೋರ್ಟಾಗಲಿ ಕ್ಯಾಮೆರಾ ಆಗಲಿ ಅವರ ಕತ್ತು ಹಿಡಿದಿರಲಿಲ್ಲ.

ಇದೇ ಸೀಮೆಯಲ್ಲಿ ಖುರ್ಚಿಯನ್ನು ಮುಟ್ಟದೆಯೇ ಇದ್ದ ಒಬ್ಬರಿದ್ದರು. 1903ರಲ್ಲಿ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದ ವೆಂಕಟೇಶ ಖೇಡಗೀಕರ್, ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಬಳಿ ದುಡಿದು, ಉಮರ್ಗಾ ಭಾಗದ ಹಿಪ್ಪರಗಾದ ರಾಷ್ಟ್ರೀಯ ಶಾಲೆಗೆ ಮಾಸ್ತರರಾಗಿ ಬಂದರು. 1932ರಲ್ಲಿ ಸಂನ್ಯಾಸ ಪಡೆದು ಸ್ವಾಮಿ ರಾಮಾನಂದ ತೀರ್ಥರಾದರು. ಕನ್ನಡ ನೆಲದಲ್ಲಿ ಹುಟ್ಟಿ, ಮರಾಠಿಯಲ್ಲಿ ಕಲಿಸಿ, ತೆಲುಗರನ್ನೂ ಸೇರಿಸಿಕೊಂಡು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಡೆಸಿದ ಕಾವಿಯ ಮನುಷ್ಯ. 1947ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ತ್ರಿವರ್ಣ ಧ್ವಜ ಹಾರಿಸಿ ಜೈಲಿಗೆ ಹೋದರು, 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದಾಗ ಹೊರಬಂದರು. ಬೇಕೆಂದಿದ್ದರೆ ಮಂತ್ರಿಗಿರಿ ಅವರ ಕಾಲಬುಡದಲ್ಲಿತ್ತು. 1952ರಲ್ಲಿ ಕಲಬುರಗಿಯಿಂದ, 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಹೋದರು, ಅಷ್ಟೇ. ಪಿ.ವಿ. ನರಸಿಂಹರಾವ್ ಇವರದೇ ಗರಡಿಯಲ್ಲಿ ಬೆಳೆದವರು. ಸ್ವಾಮೀಜಿಯ ಹೆಸರಿನ ವಿಶ್ವವಿದ್ಯಾಲಯ 1994ರಿಂದ ನಾಂದೇಡದಲ್ಲಿದೆ. ಲಾತೂರ್ ಸೀಮೆಯ ಕಾಲೇಜು ಹುಡುಗರ ಅಂಕಪಟ್ಟಿ ಬರುವುದು ಅಲ್ಲಿಂದಲೇ.

ಸ್ವಾಮೀಜಿಯನ್ನು ಪೂಜಿಸಿ ಕೈಬಿಡುವುದು ನಮ್ಮವರ ಅಭ್ಯಾಸ. ನನಗೆ ಅವರ ಮೇಲೆ ಭಕ್ತಿಯೂ ಇದೆ, ತಕರಾರೂ ಇದೆ. ಅವರು ಗುಂಪುಗಾರಿಕೆಯ ಹೊರಗೇನೂ ಇರಲಿಲ್ಲ. ವಿಮೋಚನೆಯ ನಂತರದ ಕಾಂಗ್ರೆಸ್ಸಿನಲ್ಲಿ ಸ್ವಾಮೀಜಿಯ ಗುಂಪು, ಬೂರ್ಗುಲ ರಾಮಕೃಷ್ಣರಾವ್ ಗುಂಪು ಎಂದೇ ಎರಡಿದ್ದವು. ತಾನು ಕೂರದೆ ಕೂರುವವರನ್ನು ಆರಿಸುವವನಿಗೂ ಅಧಿಕಾರ ಇರುತ್ತದೆ, ಆದರೆ ಕೋರ್ಟು ಅವನನ್ನು ಕರೆದು ಕೇಳಲಾರದು. ಇನ್ನು, ಹೆಂಡತಿ ಮಕ್ಕಳಿಲ್ಲದವರಿಗೆ ಮಾತ್ರ ನಿರ್ಮಲ ರಾಜಕಾರಣ ಸಾಧ್ಯ ಎನ್ನುವುದಾದರೆ ಅದು ನಮ್ಮಂಥ ಸಂಸಾರಿಗಳಿಗೆ ಏನು ಪ್ರಯೋಜನ?

ಸಂಸಾರಿಗಳ ಪ್ರಶ್ನೆಗೆ ನಿಲಂಗಾದಿಂದ ಒಂದೆರಡು ತಾಸಿನ ದಾರಿಯ ಕಲ್ಯಾಣದಲ್ಲಿ ಹಳೆಯ ಉತ್ತರವೊಂದಿದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಮೇಲೆ, ರಾಜನ ಬೊಕ್ಕಸವನ್ನು ತನ್ನವರಾದ ಜಂಗಮರಿಗೆ ಸುರಿಯುತ್ತಿದ್ದಾನೆ ಎಂಬ ದೂರು ಬಂತೆಂದು ಬಸವಪುರಾಣದ ಕಥೆ. ಲೆಕ್ಕ ತೆಗೆದರೆ ಒಂದು ಹಣವೂ ಕಡಿಮೆಯಿರಲಿಲ್ಲ. ಅದನ್ನು ಪವಾಡವೆಂದು ಹೇಳುವವರು ಹೇಳಲಿ. ಆ ಕಥೆಯಲ್ಲಿ ನನಗೆ ಬೇಕಾದದ್ದು ಬೇರೆ: ಮಂತ್ರಿಯನ್ನು ಕೂರಿಸಿ ಪೆಟ್ಟಿಗೆ ತೆರೆಸಿ ಎಣಿಸಿದರು, ಮಂತ್ರಿ ಎಣಿಸಲು ಬಿಟ್ಟ. ಬಸವಣ್ಣನಿಗೂ ಹೆಂಡಂದಿರಿದ್ದರು, ಅಕ್ಕನಿದ್ದಳು, ಸೋದರಳಿಯನಿದ್ದ, ಬಾಗಿಲಲ್ಲಿ ಬೇಡುವವರ ದೊಡ್ಡ ಸಾಲೇ ಇತ್ತು.

2024ರ ನವೆಂಬರ್ ಚುನಾವಣೆಯಲ್ಲಿ ಲಾತೂರ್ ಜಿಲ್ಲೆಯ ಮತಪತ್ರದಲ್ಲಿ ಮೂರೂ ಮನೆಗಳ ಹೆಸರಿದ್ದವು. ನಿಲಂಗಾದಲ್ಲಿ ಸಂಭಾಜಿ ಪಾಟೀಲ್ ಮತ್ತೆ ಗೆದ್ದರು. ಲಾತೂರ್ ನಗರದಲ್ಲಿ ವಿಲಾಸರಾವ್ ಮಗ ಅಮಿತ್ ದೇಶಮುಖ್, ಬಿಜೆಪಿ ಸೇರಿದ್ದ ಚಾಕೂರ್ಕರ್ ಸೊಸೆ ಅರ್ಚನಾ ಅವರನ್ನು ಸೋಲಿಸಿದರು. ಲಾತೂರ್ ಗ್ರಾಮೀಣದಲ್ಲಿ ವಿಲಾಸರಾವ್ ಇನ್ನೊಬ್ಬ ಮಗ ಧೀರಜ್ ಸೋತರು. ಮತದಾನಕ್ಕೆ ಮುಂಚಿನ ದಿನಗಳಲ್ಲಿ ಗಡಿಯ ಈಚೆ ಸಂಬಂಧಿಕರ ಮನೆಯೊಂದರಲ್ಲಿ ಊಟಕ್ಕೆ ಕೂತಾಗ ನಿಲಂಗಾ ಕಡೆಯ ಹಿರಿಯರೊಬ್ಬರು ಸಿಕ್ಕಿದ್ದರು. ಯಾರಿಗೆ ಹಾಕುತ್ತೀರಿ ಕಾಕಾ ಎಂದೆ. ಭಕ್ಕರಿ ಮುರಿಯುತ್ತ, ಯಾವ ಸಂಕೋಚವೂ ಇಲ್ಲದೆ ಹೇಳಿದರು: "ನಮ್ ಮೊಮ್ಮಗಂದು ಪೊಲೀಸ್ ಭರ್ತೀದು ಫಾರ್ಮ್ ತುಂಬ್ಯಾದ. ಯಾರ್ ಫೋನ್ ಮಾಡ್ತಾರ ನೋಡ್ಬೇಕು."